200 ರೂಪಾಯಿಯ ಗುಂಡು ಕನ್ನಡಿ ಮತ್ತು ಎಡಗಡೆಯ ಸ್ಕೂಟರ್

ಮೊದಲೇ ಹೇಳಿಬಿಡುತ್ತೇನೆ, ತೆಗೆದುಕೊಳ್ಳಿ. ಕಾರಿನ ಸೈಡ್ ಮಿರರ್ ಮೇಲೆ ಅಂಟಿಸುವ ಸಣ್ಣ ಗುಂಡು ಕನ್ನಡಿ ಇದೆಯಲ್ಲ, ಬ್ಲೈಂಡ್ ಸ್ಪಾಟ್ ಮಿರರ್ ಅಂತ ಅಂಗಡಿಯವರು ಕರೆಯುವುದು, ಅದನ್ನು ಕಳೆದ ವರ್ಷದ ಸೆಪ್ಟೆಂಬರ್‌ನಿಂದ ಬಳಸುತ್ತಿದ್ದೇನೆ. ಜೋಡಿಗೆ 200 ರೂಪಾಯಿ. ಸುರತ್ಕಲ್‌ನಿಂದ ಮಂಗಳೂರಿಗೆ ದಿನಾ ಕಾರಿನಲ್ಲಿ ಹೋಗಿ ಬರುವವನು ನಾನು. ಹತ್ತು ತಿಂಗಳು ಬಳಸಿದ್ದೇನೆ, ಒಂದು ಮಳೆಗಾಲದ ಕೊನೆ, ಒಂದು ಪೂರ್ತಿ ಬೇಸಿಗೆ, ಈಗ ಮತ್ತೆ ಮಳೆ ಶುರುವಾಗಿದೆ. ಈ ಕನ್ನಡಿ ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಇನ್ನು ಕೆಲವನ್ನು ಮಾಡುವುದೇ ಇಲ್ಲ, ಅದನ್ನೂ ಬರೆಯುತ್ತೇನೆ, ಯಾಕೆಂದರೆ ಅಂಟಿಸಿದ ಮೊದಲ ವಾರ ನಾನೇ ಇದೊಂದು ಸಾಕು ಅಂದುಕೊಂಡಿದ್ದೆ.

ಯಾಕೆ ಕೊಂಡೆ ಅಂತ ಹೇಳಬೇಕು. ಆಗಸ್ಟ್ ತಿಂಗಳ ಒಂದು ಸಂಜೆ, ಕೆಲಸ ಮುಗಿಸಿ ಮನೆಗೆ ಬರುತ್ತಿದ್ದೆ. ಕುಳಾಯಿ ಹತ್ತಿರ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಬೇಕಿತ್ತು. ಮಳೆ ಜೋರಿರಲಿಲ್ಲ, ಜಿಟಿಜಿಟಿ. ಇಂಡಿಕೇಟರ್ ಹಾಕಿದೆ, ಎಡಗಡೆ ಕನ್ನಡಿ ನೋಡಿದೆ, ಯಾರೂ ಇಲ್ಲ, ತಿರುಗಿಸಿದೆ. ಪಕ್ಕದಲ್ಲೇ ಕಿರ್ ಅಂತ ಸದ್ದು. ಒಂದು ಸ್ಕೂಟರ್, ಒಬ್ಬ ತಾಯಿ, ಹಿಂದೆ ಶಾಲೆ ಬ್ಯಾಗ್ ಹಾಕಿಕೊಂಡ ಹುಡುಗಿ. ಕಾರಿಗೆ ತಾಗಲಿಲ್ಲ, ಆದರೆ ಬ್ರೇಕ್ ಹಿಡಿದ ರಭಸಕ್ಕೆ ಒದ್ದೆ ರಸ್ತೆಯಲ್ಲಿ ಚಕ್ರ ಜಾರಿ ಇಬ್ಬರೂ ಬಿದ್ದರು. ಇಬ್ಬರ ತಲೆಯಲ್ಲೂ ಹೆಲ್ಮೆಟ್ ಇತ್ತು. ಹುಡುಗಿಯ ಮೊಣಕಾಲು ತರಚಿತ್ತು, ತಾಯಿಯ ಅಂಗೈ. ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಬೆಂಚಿನ ಮೇಲೆ ಕೂತಿದ್ದಾಗ ಆಕೆ ಬೈಯಲಿಲ್ಲ. ಒಂದೇ ಮಾತು ಹೇಳಿದರು. "ನೀವು ಈ ಕಡೆ ತಲೆ ತಿರುಗಿಸಿದ್ದು ನನಗೆ ಕಂಡಿತು ಸರ್. ನನ್ನನ್ನು ನೋಡಿದ್ರಿ, ನಿಲ್ಲಿಸ್ತೀರಿ ಅಂತ ಗ್ರಹಿಸಿದೆ."

ಆ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ನಾನು ನಿಜವಾಗಿಯೂ ಕನ್ನಡಿ ನೋಡಿದ್ದೆ. ಅವರು ನಿಜವಾಗಿಯೂ ಅಲ್ಲೇ ಇದ್ದರು. ತಪ್ಪು ನನ್ನದೇ, ಆದರೆ ಎಲ್ಲಿ ತಪ್ಪಿದೆ ಅಂತ ಆ ದಿನ ಗೊತ್ತಾಗಲಿಲ್ಲ.

ಆಮೇಲೆ ಓದುತ್ತಾ ಹೋದಾಗ ಇದು ನನ್ನೊಬ್ಬನ ಕಥೆಯಲ್ಲ ಅಂತ ತಿಳಿಯಿತು. 1981ರಲ್ಲಿ ಅಮೆರಿಕದಲ್ಲಿ ಹರ್ಟ್ ವರದಿ ಅಂತ ಒಂದು ಬಂತು. ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಜಾಗಕ್ಕೇ ಹೋಗಿ ನೋಡಿ ಬರೆದದ್ದು. ಬೈಕಿಗೂ ಇನ್ನೊಂದು ವಾಹನಕ್ಕೂ ಆದ ಅಪಘಾತಗಳಲ್ಲಿ ಮೂರರಲ್ಲಿ ಎರಡು ಪಾಲು, ಆ ಇನ್ನೊಂದು ವಾಹನದವರು ಬೈಕಿನ ದಾರಿಗೆ ಅಡ್ಡ ಬಂದದ್ದರಿಂದ ಆದವು. ಅವರಲ್ಲಿ ತುಂಬಾ ಜನ ಬೈಕ್ ಕಾಣಲೇ ಇಲ್ಲ ಅಂತಲೇ ಹೇಳಿದ್ದು. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ, ಅದರಲ್ಲಿ 74,897 ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ನೂರಕ್ಕೆ 44ಕ್ಕಿಂತ ಜಾಸ್ತಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿರುವ ಲೆಕ್ಕ ಇದು. ನಮ್ಮ ಊರಲ್ಲಿ ಯಾರ ಮನೆಗೆ ಹೋದರೂ ಅಂಗಳದಲ್ಲಿ ಒಂದು ಸ್ಕೂಟರೋ ಬೈಕೋ ಇದ್ದೇ ಇರುತ್ತದೆ. ಆ ಲೆಕ್ಕದಲ್ಲಿ ಇರುವುದು ನಮ್ಮವರೇ.

ಸರಿ, ಕನ್ನಡಿಗೆ ಬರೋಣ. ಅಂಗಡಿಯಲ್ಲಿ ಮೂರು ಥರದವು ಇದ್ದವು. ಪ್ಲಾಸ್ಟಿಕ್ ಚೌಕಟ್ಟಿನ ದಪ್ಪ ಗುಂಡು ಕನ್ನಡಿ, ಬುಡದಲ್ಲಿ ಬೇಕಾದ ಕಡೆಗೆ ತಿರುಗಿಸಬಹುದು. ಚೌಕಟ್ಟೇ ಇಲ್ಲದ ತೆಳ್ಳಗಿನ ಗಾಜಿನದ್ದು. ಮತ್ತೆ ಬೀಸಣಿಗೆ ಆಕಾರದ ಒಂದು. ಮೊದಲು ನಾನು ಅಗ್ಗದ್ದು ತಂದೆ, ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್, ಅದು 80 ರೂಪಾಯಿ. ಅದರಲ್ಲಿ ಲಾರಿಯೂ ಸ್ಕೂಟರೂ ಒಂದೇ ಥರ ನೀರಲ್ಲಿ ಅಲುಗಾಡಿದ ಹಾಗೆ ಕಾಣುತ್ತಿತ್ತು, ಎರಡೇ ದಿನಕ್ಕೆ ಕಿತ್ತು ಹಾಕಿದೆ. ಆಮೇಲೆ ತಂದದ್ದು ನಿಜವಾದ ಗಾಜಿನದ್ದು, ಎರಡು ಇಂಚು ಅಗಲದ್ದು, ತಿರುಗಿಸಲು ಬರುವಂಥದ್ದು. ನೀವು ಕೊಳ್ಳುವುದಾದರೆ ಇದೇ ಥರದ್ದು ಕೇಳಿ. ಚೌಕಟ್ಟಿಲ್ಲದ್ದು ನೋಡಲು ಚಂದ, ಆದರೆ ಒಮ್ಮೆ ಅಂಟಿಸಿದ ಮೇಲೆ ಅದರ ದಿಕ್ಕು ಬದಲಾಯಿಸಲು ಆಗುವುದಿಲ್ಲ. ಉದ್ದದವರು ಗಿಡ್ಡದವರು ಒಂದೇ ಕಾರು ಓಡಿಸುವ ಮನೆಯಲ್ಲಿ ಅದು ಉಪಯೋಗಕ್ಕೆ ಬರದು.

ಎಲ್ಲಿ ಅಂಟಿಸುವುದು ಅನ್ನುವುದೂ ಮುಖ್ಯ. ಹೆಚ್ಚಿನವರು ಕೆಳಗಿನ ಹೊರ ಮೂಲೆಗೆ ಅಂಟಿಸುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆದರೆ ನಮ್ಮ ಮನೆ ದಾರಿ ಕಿರಿದು, ಪಕ್ಕದಲ್ಲಿ ತೋಡು. ಹಿಂದಕ್ಕೆ ಬರುವಾಗ ತೋಡಿನ ಅಂಚು ಕಾಣಬೇಕಾದ ಜಾಗವನ್ನೇ ಇದು ಮುಚ್ಚಿಬಿಟ್ಟಿತು. ಮೇಲಿನ ಹೊರ ಮೂಲೆಗೆ ಬದಲಾಯಿಸಿದೆ, ಆ ಜಾಗದಲ್ಲಿ ಹೇಗೂ ಬರೀ ಆಕಾಶ ಮತ್ತು ತೆಂಗಿನ ಮರದ ತುದಿ ಕಾಣುತ್ತಿತ್ತು. ಈಗ ಸರಿಯಾಗಿದೆ.

ಇನ್ನು ಇದು ನಿಜಕ್ಕೂ ಕೆಲಸ ಮಾಡುತ್ತದಾ ಅಂತ ನಾವು ಪರೀಕ್ಷೆ ಮಾಡಿದ ಬಗೆ. ನನ್ನ ತಮ್ಮ ಉದ್ಯಾವರದಲ್ಲಿದ್ದಾನೆ, ದಿನಾ ಬೈಕಿನಲ್ಲಿ ಮಣಿಪಾಲಕ್ಕೆ ಕೆಲಸಕ್ಕೆ ಹೋಗುತ್ತಾನೆ, ಕಲ್ಸಂಕ, ಇಂದ್ರಾಳಿ ಎಲ್ಲ ದಾಟಿಕೊಂಡು. ಒಂದು ಭಾನುವಾರ ಬೆಳಿಗ್ಗೆ ಅವನು ಬಂದಿದ್ದಾಗ ಮನೆ ಹತ್ತಿರದ ಮೈದಾನಕ್ಕೆ ಕಾರು ತೆಗೆದುಕೊಂಡು ಹೋದೆವು. ಕಾರು ನಿಲ್ಲಿಸಿ ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಗುಂಡು ಕನ್ನಡಿಗೆ ಬಟ್ಟೆ ಮುಚ್ಚಿದೆವು. ಅವನು ಹಿಂದಿನಿಂದ ಎಡಗಡೆಗೆ ಬೈಕ್ ನೂಕಿಕೊಂಡು ನಿಧಾನ ಬಂದ. ವಾಲಿಬಾಲ್ ಕೋರ್ಟಿಗೆ ಹಾಕುವ ಸುಣ್ಣದ ಪುಡಿ ಕೈಯಲ್ಲಿತ್ತು, ನಾನು ಹೇಳಿದಲ್ಲಿ ಗೆರೆ ಎಳೆಯುವುದು.

"ಅಣ್ಣ, ಕಾಣ್ತದಾ?"

"ಕಾಣ್ತದೆ."

"ಈಗ?"

"ಇಲ್ಲ."

"ಈಗ?"

"ಇಲ್ಲ ಮಾರಾಯ."

"ನಾನೀಗ ಕೈ ಚಾಚಿದ್ರೆ ನಿನ್ನ ಬಾಗಿಲು ಸಿಗ್ತದೆ ಅಣ್ಣ."

ಎರಡು ಗೆರೆಗಳ ನಡುವೆ ಅವನ ಬೈಕ್ ಹ್ಯಾಂಡಲ್‌ನಿಂದ ಹಿಂದಿನ ಚಕ್ರದ ತನಕ ಪೂರ್ತಿ ಹಿಡಿಯಿತು. ಅಂದರೆ ಹಿಂದಿನ ಬಂಪರ್‌ನಿಂದ ಹಿಂದಿನ ಬಾಗಿಲಿನವರೆಗೆ ಬಂದ ಬೈಕ್ ನನ್ನ ಕನ್ನಡಿಯಲ್ಲಿ ಇಲ್ಲ, ಓರೆಗಣ್ಣಿಗೂ ಇಲ್ಲ. ಕುಳಾಯಿಯಲ್ಲಿ ಆ ತಾಯಿ ಮಗಳು ಇದ್ದದ್ದು ಇಲ್ಲೇ. ನಾನು ಕಾರಿನಿಂದ ಇಳಿದು ಆ ಸುಣ್ಣದ ಗೆರೆಗಳ ನಡುವೆ ಸ್ವಲ್ಪ ಹೊತ್ತು ನಿಂತೆ.

ಬಟ್ಟೆ ತೆಗೆದು ಮತ್ತೆ ನೋಡಿದೆವು. ಗುಂಡು ಕನ್ನಡಿಯಲ್ಲಿ ಅವನು ಉದ್ದಕ್ಕೂ ಇದ್ದ. ಸಣ್ಣದಾಗಿ, ಅಂಚಿನಲ್ಲಿ ಸ್ವಲ್ಪ ಬಾಗಿಕೊಂಡು, ಆದರೆ ಹೆಲ್ಮೆಟ್ಟೂ ಹ್ಯಾಂಡಲ್ಲೂ ಸ್ಪಷ್ಟ. ಮುಂದಿನ ಬಾಗಿಲಿನ ಗಾಜಿನಲ್ಲಿ ನೇರವಾಗಿ ಕಣ್ಣಿಗೆ ಬೀಳುವ ತನಕ ಒಂದು ಕ್ಷಣವೂ ಮಾಯವಾಗಲಿಲ್ಲ. ಇದೇ ಈ ವಸ್ತುವಿನ ಒಳ್ಳೆಯ ಗುಣ, ಇದಕ್ಕಾಗಿಯೇ ಕೊಳ್ಳಬೇಕು.

ಆದರೆ ಅದೇ ದಿನ ಇನ್ನೊಂದು ವಿಷಯ ಕಲಿತೆವು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ನನ್ನ ದೊಡ್ಡ ಕನ್ನಡಿಯನ್ನೇ ನಾನು ತಪ್ಪಾಗಿ ಇಟ್ಟುಕೊಂಡಿದ್ದೆ. ಕನ್ನಡಿಯ ಮೂರನೇ ಒಂದು ಪಾಲಿನಲ್ಲಿ ನನ್ನ ಕಾರಿನ ಬಾಗಿಲೇ ಕಾಣುತ್ತಿತ್ತು. ನಮ್ಮ ಕಾರು ಅಲ್ಲೇ ಇರುತ್ತದೆ, ಅದನ್ನು ನೋಡಿ ಏನು ಮಾಡುವುದು? ಬಲಗಡೆ ಕನ್ನಡಿಗೆ ತಲೆಯನ್ನು ಗಾಜಿನ ಹತ್ತಿರ ವಾಲಿಸಿ, ಎಡಗಡೆಯದ್ದಕ್ಕೆ ಕಾರಿನ ನಡುವಿಗೆ ವಾಲಿ, ನಮ್ಮ ಕಾರಿನ ಅಂಚು ಇಷ್ಟೇ ಇಷ್ಟು ಕಾಣುವಷ್ಟು ಕನ್ನಡಿಯನ್ನು ಹೊರಕ್ಕೆ ತಿರುಗಿಸಬೇಕು. ಮತ್ತೆ ನೇರ ಕೂತರೆ ನಮ್ಮ ಕಾರು ಕಾಣುವುದಿಲ್ಲ, ಪಕ್ಕದ ರಸ್ತೆ ಕಾಣುತ್ತದೆ. ಇಷ್ಟು ಮಾಡಿದ ಮೇಲೆ ಬಟ್ಟೆ ಮುಚ್ಚಿಯೇ ನೋಡಿದಾಗ ಸುಣ್ಣದ ಗೆರೆಗಳ ನಡುವಿನ ಜಾಗ ಅರ್ಧಕ್ಕಿಂತ ಕಡಿಮೆಯಾಯಿತು. ಕನ್ನಡಿ ಕೊಳ್ಳುವ ಮೊದಲು ಇದನ್ನು ಮಾಡಿ, ಇವತ್ತೇ ಮಾಡಿ.

ನನ್ನ ಪ್ರಕಾರ ಜೋಡಿಯಲ್ಲಿ ಎಡಗಡೆಯದ್ದಕ್ಕೇ 150 ರೂಪಾಯಿ ಬೆಲೆ, ಬಲಗಡೆಯದ್ದಕ್ಕೆ 50. ನಮ್ಮಲ್ಲಿ ಬೈಕಿನವರು ಎಡದಿಂದ ಬರುತ್ತಾರೆ. ಬರಬಾರದು ಅಂತ ವಾದ ಮಾಡಬಹುದು, ಆದರೆ ಬೈಕಂಪಾಡಿಯಲ್ಲೋ ಪಣಂಬೂರಿನಲ್ಲೋ ಬಲಗಡೆ ಸಾಲಾಗಿ ಟ್ಯಾಂಕರ್, ಕಂಟೈನರ್ ಲಾರಿ ಹೋಗುತ್ತಿರುವಾಗ ಸ್ಕೂಟರಿನವರು ಎಡಕ್ಕೆ ಸರಿಯದೆ ಎಲ್ಲಿಗೆ ಹೋಗಬೇಕು ಹೇಳಿ. ಅವರು ಜೀವ ಉಳಿಸಿಕೊಳ್ಳಲು ಎಡಕ್ಕೆ ಬಂದಿರುತ್ತಾರೆ, ನಾವು ಸರ್ವಿಸ್ ರಸ್ತೆಗೆ ಇಳಿಯಲು ಅದೇ ಎಡಕ್ಕೆ ಬರುತ್ತೇವೆ. ಬಲಗಡೆಯ ಗುಂಡು ಕನ್ನಡಿ ಉಪಯೋಗಕ್ಕೆ ಬಂದದ್ದು ಮುಖ್ಯವಾಗಿ ಸರ್ವಿಸ್ ಬಸ್ಸಿನ ಹಿಂದೆ. ಬಸ್ಸು ಸ್ಟಾಪಿನಲ್ಲಿ ಗಕ್ಕಂತ ನಿಲ್ಲುತ್ತದೆ, ನಾವು ಯೋಚಿಸದೆ ಬಲಕ್ಕೆ ಸ್ಟೇರಿಂಗ್ ತಿರುಗಿಸುತ್ತೇವೆ, ಅಲ್ಲಿ ಆಗಲೇ ಒಬ್ಬ ಬೈಕಿನವನು ನಮ್ಮಿಬ್ಬರನ್ನೂ ಓವರ್‌ಟೇಕ್ ಮಾಡುತ್ತಿರುತ್ತಾನೆ. ಈಗ ನಾನು ಬಸ್ಸಿನ ಹಿಂದೆ ಜಾಗ ಬಿಟ್ಟು ಹೋಗುತ್ತೇನೆ. ಬಸ್ಸು ನಿಂತರೆ ನಾನೂ ನಿಲ್ಲುತ್ತೇನೆ. ಎರಡು ನಿಮಿಷ ತಡವಾಗುತ್ತದೆ, ಅಷ್ಟೇ ಅಲ್ವಾ.

ಇನ್ನು ಈ ಕನ್ನಡಿ ಮಾಡದ ಕೆಲಸಗಳು.

ದೂರ ಮತ್ತು ವೇಗ ಇದರಲ್ಲಿ ಗೊತ್ತಾಗುವುದಿಲ್ಲ. ಉಬ್ಬು ಕನ್ನಡಿ ಎಲ್ಲವನ್ನೂ ಸಣ್ಣದು ಮಾಡಿ ತೋರಿಸುತ್ತದೆ, ಸಣ್ಣದಾಗಿ ಕಂಡದ್ದು ದೂರ ಇದೆ ಅಂತ ನಮಗನಿಸುತ್ತದೆ. ಬೈಕ್ ಮೊದಲೇ ಸಣ್ಣದು. ಕನ್ನಡಿ ಬಿಡಿ, ಬರಿಗಣ್ಣಿಗೇ ಎದುರಿನಿಂದ ಬರುವ ಬೈಕ್ ಒಂದು ಲಾರಿಗಿಂತ ನಿಧಾನ ಬರುತ್ತಿದೆ ಅಂತ ಭಾಸವಾಗುತ್ತದೆ. ಒಂದು ಲೆಕ್ಕ ಹಾಕಿ ನೋಡಿ. ತಿರುಗಲು ಕಾರನ್ನು 20 ಕಿಲೋಮೀಟರ್ ವೇಗಕ್ಕೆ ಇಳಿಸಿದ್ದೀರಿ, ಹಿಂದಿನ ಬೈಕ್ 50ರಲ್ಲಿದೆ. ವ್ಯತ್ಯಾಸ 30, ಅಂದರೆ ಸೆಕೆಂಡಿಗೆ ಎಂಟು ಮೀಟರ್‌ಗಿಂತ ಜಾಸ್ತಿ. ನೀವು ಕನ್ನಡಿ ನೋಡಿದಾಗ 25 ಮೀಟರ್ ಹಿಂದೆ ಇದ್ದವನು ಮೂರು ಸೆಕೆಂಡಿನಲ್ಲಿ ನಿಮ್ಮ ಬಾಗಿಲ ಪಕ್ಕ ಇರುತ್ತಾನೆ. ಕನ್ನಡಿ ನೋಡಿ, ಮುಂದೆ ಹೊಂಡ ಇದೆಯಾ ನೋಡಿ, ಗೇರ್ ಬದಲಾಯಿಸಿ, ಆಮೇಲೆ ತಿರುಗಿಸಿದರೆ ಆ ಮೊದಲು ನೋಡಿದ್ದು ಹಳೆಯದಾಗಿರುತ್ತದೆ. ಅದಕ್ಕೇ ನಾನೀಗ ಎರಡು ಸಲ ನೋಡುತ್ತೇನೆ. ಇಂಡಿಕೇಟರ್ ಹಾಕುವ ಮೊದಲು ಒಮ್ಮೆ, ಸ್ಟೇರಿಂಗ್ ತಿರುಗಿಸುವ ಕ್ಷಣದಲ್ಲಿ ಇನ್ನೊಮ್ಮೆ, ಆ ಎರಡನೇ ಸಲ ಭುಜದ ಮೇಲಿಂದ ಕತ್ತು ತಿರುಗಿಸಿಯೇ. ನೋಡುವಾಗ "ದಾರಿ ಖಾಲಿ ಇದೆಯಾ" ಅಂತ ಅಲ್ಲ, "ಬೈಕ್ ಎಲ್ಲಿದೆ" ಅಂತ ಹುಡುಕುತ್ತೇನೆ. ಈ ಎರಡು ಪ್ರಶ್ನೆಗಳಿಗೆ ಕಣ್ಣು ಬೇರೆ ಬೇರೆ ಥರ ನೋಡುತ್ತದೆ, ನೀವೂ ಮಾಡಿ ನೋಡಿ.

ಎದುರುಗಡೆ ಕಂಬದ ವಿಷಯದಲ್ಲೂ ಇದು ಏನೂ ಮಾಡದು. ಮುಂದಿನ ಗಾಜಿನ ಎರಡೂ ಬದಿಗೆ ಮೇಲಕ್ಕೆ ಹೋಗುವ ದಪ್ಪ ಕಂಬ ಇದೆಯಲ್ಲ, ಎ ಪಿಲ್ಲರ್ ಅನ್ನುವುದು, ಅದರ ಹಿಂದೆ ಬೈಕ್ ಅಡಗುತ್ತದೆ. ಅದನ್ನೂ ಮೈದಾನದಲ್ಲಿ ನೋಡಿದೆವು. ತಮ್ಮ ಬಲ ಮುಂದೆ ಸುಮಾರು 20 ಮೀಟರ್ ದೂರದಲ್ಲಿ ನನಗೆ ಮುಖ ಮಾಡಿ ಬೈಕ್ ಮೇಲೆ ಕೂತಿದ್ದ, ನಾನು ತಲೆ ಅಲ್ಲಾಡಿಸದೆ ಕೂತರೆ ಅವನು ಪೂರ್ತಿ ಇಲ್ಲ. ನಂತೂರು, ಕೊಟ್ಟಾರ ಚೌಕಿಯಂಥ ಜಂಕ್ಷನ್‌ಗಳಲ್ಲಿ ಇದು ಬಹಳ ಅಪಾಯ, ಯಾಕೆಂದರೆ ಕಾರು ಮತ್ತು ಬೈಕ್ ಎರಡೂ ಚಲಿಸುತ್ತಿರುವಾಗ ಬೈಕ್ ಆ ಕಂಬದ ಹಿಂದೆಯೇ ಉದ್ದಕ್ಕೂ ಉಳಿದುಬಿಡಬಹುದು. ಪರಿಹಾರ ಸರಳ. ಬಲಕ್ಕೆ ತಿರುಗುವ ಮೊದಲು ತಲೆಯನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಆಡಿಸಿ. ದೇವರ ಫೋಟೋ, ಸುಗಂಧದ ಬಾಟಲಿ, ಮೊಬೈಲ್ ಸ್ಟ್ಯಾಂಡ್ ಎಲ್ಲವನ್ನೂ ಆ ಕಂಬದ ಪಕ್ಕಕ್ಕೇ ಇಟ್ಟುಕೊಳ್ಳಬೇಡಿ, ಕಾಣದ ಜಾಗ ಇನ್ನೂ ಅಗಲವಾಗುತ್ತದೆ.

ಬೈಕ್ ಮುಂದೆ ಏನು ಮಾಡಲಿದೆ ಅಂತಲೂ ಕನ್ನಡಿ ಹೇಳುವುದಿಲ್ಲ. ಅದನ್ನು ನನಗೆ ಹೇಳಿಕೊಟ್ಟವನು ತಮ್ಮ. ಮೈದಾನದಿಂದ ಬಂದು ಚಹಾ ಕುಡಿಯುತ್ತಾ ಒಂದು ಗಂಟೆ ಮಾತಾಡಿದ, ನಾನು ಕಾರು ಕಲಿಯುವಾಗ ಯಾರೂ ಇದನ್ನು ಹೇಳಿರಲಿಲ್ಲ. ತುಂಬಾ ಬೈಕುಗಳಲ್ಲಿ ಇಂಡಿಕೇಟರ್ ತಾನಾಗಿಯೇ ಆಫ್ ಆಗುವುದಿಲ್ಲವಂತೆ, ಮರೆತುಹೋದರೆ ಎರಡು ಕಿಲೋಮೀಟರ್ ಮಿನುಗುತ್ತಲೇ ಇರುತ್ತದೆ. ಹಾಗಾಗಿ ಎಡದ ಇಂಡಿಕೇಟರ್ ನೋಡಿ ಅವನು ತಿರುಗುತ್ತಾನೆ ಅಂತ ನಂಬಿ ಮುಂದೆ ನುಗ್ಗಬಾರದು, ಚಕ್ರ ತಿರುಗುವ ತನಕ ಕಾಯಬೇಕು. ಗೇರ್ ಇಳಿಸಿ ವೇಗ ಕಡಿಮೆ ಮಾಡಿದರೆ ಹಿಂದಿನ ಕೆಂಪು ದೀಪ ಹೊತ್ತುವುದೇ ಇಲ್ಲ. ದೀಪ ನೋಡಿ ಬ್ರೇಕ್ ಹಿಡಿಯುತ್ತೇನೆ ಅಂತ ಹತ್ತಿರ ಹೋಗುವವನು ಸೀದಾ ಅವನ ಬೆನ್ನಿಗೇ ಹೋಗುತ್ತಾನೆ. ಬೈಕಿನ ಹಿಂದೆ ಕನಿಷ್ಠ ಎರಡು ಸೆಕೆಂಡಿನ ಅಂತರ, ಮಳೆಯಲ್ಲಿ ನಾಲ್ಕು. 60ರ ವೇಗದಲ್ಲಿ ಎರಡು ಸೆಕೆಂಡ್ ಅಂದರೆ 33 ಮೀಟರ್.

"ನಾವು ಸುಮ್ನೆ ಆಚೀಚೆ ಹೋಗುದಲ್ಲ ಅಣ್ಣ," ಅಂದ. "ನಿನಗೆ ಕಾಣದ್ದು ನಮಗೆ ಕಾಣ್ತದೆ."

ಹೌದು. ಕಾರಿನಲ್ಲಿ ಕೂತವರಿಗೆ ಹೊಂಡ ಅಂದರೆ ಒಂದು ಕುಲುಕು. ಅವನಿಗೆ ಅದು ಬೀಳುವ ಜಾಗ. ಮ್ಯಾನ್‌ಹೋಲ್ ಮುಚ್ಚಳ, ರಸ್ತೆಗೆ ಬಳಿದ ಬಿಳಿ ಬಣ್ಣ, ಸೇತುವೆಯ ಕಬ್ಬಿಣದ ಪಟ್ಟಿ, ಇವೆಲ್ಲ ಒದ್ದೆಯಾದರೆ ಎರಡು ಚಕ್ರಕ್ಕೆ ಜಾರುಬಂಡಿ. ನಮ್ಮ ಕರಾವಳಿಯಲ್ಲಿ ಇನ್ನೊಂದು ಉಂಟು, ಮೀನಿನ ಲಾರಿಯ ನೀರು. ಮಲ್ಪೆಯಿಂದಲೋ ಮಂಗಳೂರಿನ ದಕ್ಕೆಯಿಂದಲೋ ಹೊರಟ ಲಾರಿ ಹೆದ್ದಾರಿ 66ರ ಉದ್ದಕ್ಕೂ ನೀರು ಸುರಿಸುತ್ತಾ ಹೋದರೆ ನಮಗೆ ವಾಸನೆ ಅಷ್ಟೇ, ಅವರಿಗೆ ಅದು ಎಣ್ಣೆ ಹಚ್ಚಿದ ರಸ್ತೆ. ಮುಂದಿನ ಬೈಕ್ ಇದ್ದಕ್ಕಿದ್ದಂತೆ ಒಂದಡಿ ಬಲಕ್ಕೆ ಬಂದರೆ ನಾನೀಗ ಹಾರ್ನ್ ಒತ್ತುವುದಿಲ್ಲ, ಅಲ್ಲೇನೋ ಇದೆ ಅಂತ ತಿಳಿದುಕೊಂಡು ನಿಧಾನಿಸುತ್ತೇನೆ. ಓವರ್‌ಟೇಕ್ ಮಾಡುವಾಗಲೂ ಅಷ್ಟೇ, ಆ ಒಂದಡಿಗೆ ಜಾಗ ಬಿಟ್ಟು, ಇನ್ನೊಂದು ಕಾರನ್ನು ದಾಟುವಷ್ಟೇ ದೂರದಿಂದ ದಾಟುತ್ತೇನೆ. ಮಳೆಯಲ್ಲಿ ರಸ್ತೆ ಬದಿ ನೀರು ನಿಂತಿದ್ದರೆ ಬೈಕಿನ ಪಕ್ಕ ವೇಗವಾಗಿ ಹೋಗಲೇಬೇಡಿ. ನಮ್ಮ ಚಕ್ರ ಹಾರಿಸಿದ ನೀರು ಹೆಲ್ಮೆಟ್ಟಿನ ಗಾಜಿಗೆ ಬಡಿದರೆ ಅವರಿಗೆ ಎರಡು ಸೆಕೆಂಡ್ ಏನೂ ಕಾಣುವುದಿಲ್ಲ. ಹಿಂದೆ ಕೂತವರು ಕೊಡೆ ಬಿಡಿಸಿಕೊಂಡಿದ್ದರಂತೂ, ನಮ್ಮೂರಲ್ಲಿ ಇದು ದಿನಾ ಕಾಣುವ ದೃಶ್ಯ, ದೊಡ್ಡ ಕಾರು ಪಕ್ಕದಲ್ಲಿ ರಭಸದಿಂದ ಹೋದ ಗಾಳಿಗೇ ಗಾಡಿ ವಾಲುತ್ತದೆ. ಕೊಡೆ ಬಿಡಿಸುವುದು ತಪ್ಪೇ. ಆದರೆ ಅವರನ್ನು ಬೀಳಿಸಿ ಆ ಪಾಠ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ, ಹಗಲು ಹೊತ್ತು ಬೈಕಿನ ಹೆಡ್‌ಲೈಟ್ ಉರಿಯುತ್ತಿದ್ದರೆ ಕೈ ಮುಚ್ಚಿ ತೆರೆದು ಸನ್ನೆ ಮಾಡಬೇಡಿ. 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಇಂಜಿನ್ ಚಾಲೂ ಇದ್ದಷ್ಟು ಹೊತ್ತೂ ದೀಪ ಉರಿಯಲೇಬೇಕು ಅಂತ ನಿಯಮ ಇದೆ, ಅದನ್ನು ಆಫ್ ಮಾಡುವ ಸ್ವಿಚ್ಚೇ ಇರುವುದಿಲ್ಲ. ನಮ್ಮ ಕಣ್ಣಿಗೆ ಬೀಳಲಿ ಅಂತಲೇ ಮಾಡಿದ್ದು. ನನ್ನ ಗುಂಡು ಕನ್ನಡಿಯಲ್ಲಿ ಮೊದಲು ಕಾಣುವುದೂ ಆ ದೀಪದ ಚುಕ್ಕೆಯೇ.

ಬಾಗಿಲು ತೆರೆಯುವಾಗ ಮಾತ್ರ ಈ ಕನ್ನಡಿ ನಾನು ನಿರೀಕ್ಷಿಸದಷ್ಟು ಉಪಕಾರಕ್ಕೆ ಬಂತು. ಹಂಪನಕಟ್ಟೆಯಲ್ಲಿ ರಸ್ತೆ ಬದಿ ನಿಲ್ಲಿಸಿ ಇಳಿಯುವಾಗ ಬಲಗಡೆಯದ್ದರಲ್ಲಿ ಪಕ್ಕಕ್ಕೆ ಬಂದುಬಿಟ್ಟ ಸ್ಕೂಟರ್ ಕಾಣುತ್ತದೆ. ಜೊತೆಗೆ ಬಲ ಬಾಗಿಲನ್ನು ಎಡಗೈಯಲ್ಲಿ ತೆರೆಯುವುದನ್ನು ರೂಢಿ ಮಾಡಿಕೊಂಡೆ. ಎಡಗೈ ಚಾಚಿದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಿನ ರಸ್ತೆಗೆ ಹೋಗುತ್ತದೆ. ಹಿಂದೆ ಕೂರುವ ಮಗಳಿಗೆ ಕನ್ನಡಿ ಇಲ್ಲ, ಅವಳಿಗೆ ಇಳಿಯುವುದು ಯಾವಾಗಲೂ ಫುಟ್‌ಪಾತ್ ಕಡೆಯಿಂದ, ಅದೂ ನಾನು ಹೇಳಿದ ಮೇಲೆ. ಫುಟ್‌ಪಾತ್ ಕಡೆಯಿಂದಲೂ ಸ್ಕೂಟರ್ ಬರುತ್ತದೆ.

ದೂರುಗಳೂ ಇವೆ. ಮಳೆಹನಿ ಕೂತರೆ ಈ ಕನ್ನಡಿ ಅರ್ಧ ಕುರುಡು, ಎರಡು ಇಂಚಿನ ಗಾಜಿನಲ್ಲಿ ನಾಲ್ಕು ಹನಿ ಕೂತರೆ ಉಳಿಯುವುದೇನು. ಯಾರೋ ಹೇಳಿದರು ಅಂತ ಆಲೂಗಡ್ಡೆ ಹೋಳು ಉಜ್ಜಿ ನೋಡಿದೆ, ಒಂದು ಮಳೆಗೂ ನಿಲ್ಲಲಿಲ್ಲ. ಸೀಟಿನ ಪಕ್ಕ ಒಂದು ಒಣ ಬಟ್ಟೆ ಇಟ್ಟುಕೊಂಡಿದ್ದೇನೆ, ಹೊರಡುವ ಮೊದಲು ಒರೆಸುತ್ತೇನೆ, ದಾರಿಯಲ್ಲಿ ಕತ್ತನ್ನೇ ನಂಬುತ್ತೇನೆ. ರಾತ್ರಿ ಹಿಂದಿನವರ ಹೈ ಬೀಮ್ ಇದರಲ್ಲಿ ಒಂದು ಚುಚ್ಚುವ ಚುಕ್ಕೆಯಾಗುತ್ತದೆ, ಅದು ಬೈಕೋ ಕಾರೋ ಗೊತ್ತಾಗುವುದಿಲ್ಲ. ಹಿಂದಿರುವ ಡಬಲ್ ಟೇಪ್ ಕಳಪೆ. ಅದನ್ನು ಕಿತ್ತು ಒಳ್ಳೆಯ ಟೇಪ್ ಹಾಕಿ, ಗಾಜನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ಒಂದು ದಿನ ನೀರು ತಾಗದಂತೆ ನೋಡಿಕೊಂಡರೆ ನಿಲ್ಲುತ್ತದೆ. ಮತ್ತೆ, ಇದಕ್ಕೆ ಕಣ್ಣು ಹೊಂದಿಕೊಳ್ಳಲು ಎರಡು ವಾರ ಬೇಕು. ಆ ಎರಡು ವಾರ ಹೆದ್ದಾರಿಯಲ್ಲಿ ಲೇನ್ ಬದಲಾಯಿಸುವುದನ್ನು ಆದಷ್ಟು ಕಡಿಮೆ ಮಾಡಿ.

ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಒಂದು ಅಂಕ ಕಡಿತ ಮಳೆಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಸುರಿಯುವ ಊರಿನಲ್ಲಿ ಅದು ಸಣ್ಣ ದೋಷವಲ್ಲ.

ಬಲಗಡೆಯದ್ದು ಕಳೆದ ವಾರ ಕೂಳೂರು ಸೇತುವೆ ಹತ್ತಿರ ಎಲ್ಲೋ ಉದುರಿಹೋಯಿತು, ಅದು ಇನ್ನೂ ಹಳೆಯ ಟೇಪಿನಲ್ಲೇ ಇತ್ತು. ಹೊಸ ಜೋಡಿ ತಂದಿಟ್ಟಿದ್ದೇನೆ. ಭಾನುವಾರ ಮಳೆ ಬಿಟ್ಟರೆ ತಮ್ಮ ಬೈಕ್ ತೆಗೆದುಕೊಂಡು ಬರುತ್ತಾನೆ, ಈ ಸಲ ಪಕ್ಕದ ಮನೆಯವರೂ ತಮ್ಮ ಕಾರು ತರುತ್ತೇನೆ ಅಂದಿದ್ದಾರೆ. ಸುಣ್ಣದ ಪುಡಿ ಒದ್ದೆಯಾಗದಂತೆ ಡಬ್ಬದಲ್ಲಿ ಹಾಕಿಟ್ಟಿದ್ದೇನೆ.